ಶಿಗ್ಲಿಯ ಮಗ್ಗವೂ ಕಪ್ಪತಗುಡ್ಡದ ಗಾಳಿಯೂ

ಲಕ್ಷ್ಮೇಶ್ವರದ ಸೋಮೇಶ್ವರನ ದರ್ಶನವಾದೊಡನೆ ಪ್ರವಾಸಿಗರು ಸಾಮಾನ್ಯವಾಗಿ ಬಸ್ಸು ಹಿಡಿದು ಹಿಂದಿರುಗಿಬಿಡುವರು. ಕನ್ನಡದ ತಿರುಳು ನೆಲೆಸಿದ ಊರುಗಳಲ್ಲೊಂದೆಂದು ‘ಕವಿರಾಜಮಾರ್ಗ’ವು ಹೆಸರಿಸಿದ ಪುಲಿಗೆರೆಯೇ ಇದಾದುದರಿಂದ ಅಷ್ಟಕ್ಕೇ ತೃಪ್ತಿಯಾಗುವುದು ಸಹಜ. ಆದರೆ ಸಮೀಪದಲ್ಲಿಯೇ ಇರುವ ಶಿಗ್ಲಿಯನ್ನು ಬಿಟ್ಟುಹೋದವರು ಈ ಸೀಮೆಯ ದುಡಿಮೆಯ ಮುಖವನ್ನು ಕಾಣದೆ ಹೋದಂತೆಯೇ. ಅದು ನೇಕಾರರ ಊರು.

ಕೈಮಗ್ಗಕ್ಕೆ ಕೈಕಾಲುಗಳ ಚಲನೆ ಸಾಕು; ಆದರೂ ಸಂಜೆಯ ಮೇಲೆ ಎಳೆ ಕಾಣಲು ದೀಪ ಬೇಕು. ವಿದ್ಯುತ್ ಮಗ್ಗವಾದರೋ ಕರೆಂಟು ಹೋದ ಕ್ಷಣದಲ್ಲಿಯೇ ನಿಲ್ಲುವುದು. ಲಾಳಿ ನಿಂತರೆ ಅಂದಿನ ಕೂಲಿಯೂ ನಿಂತಂತೆ. ಪಟ್ಟಣದ ಗೃಹಿಣಿಗೆ ಕರೆಂಟಿಲ್ಲದ ಒಂದು ಗಂಟೆ ಸೆಕೆಯ ಮಾತು. ನೇಕಾರನಿಗೆ ಅದು ಅನ್ನದ ಮಾತು.

ವಿಚಿತ್ರವೆಂದರೆ, ಇದೇ ಜಿಲ್ಲೆಯ ನೆತ್ತಿಯ ಮೇಲೆ ವಿದ್ಯುತ್ತಿನ ಕಣಜವೇ ಬೀಸುತ್ತಿದೆ. ಗದಗಿನ ಬಿಂಕದಕಟ್ಟಿಯಿಂದ ತುಂಗಭದ್ರೆಯ ದಂಡೆಯ ಸಿಂಗಟಾಲೂರಿನವರೆಗೆ ಮೈಚಾಚಿರುವ ಕಪ್ಪತಗುಡ್ಡದಲ್ಲಿ ಮುಂಗಾರಿನ ಗಾಳಿಗೆ ತಡೆಯೇ ಇಲ್ಲ. ಕರ್ನಾಟಕ ವಿದ್ಯುತ್ ನಿಗಮವು ಇಲ್ಲಿ 225 ಮತ್ತು 230 ಕಿಲೋವ್ಯಾಟಿನ ಪುಟ್ಟ ಯಂತ್ರಗಳನ್ನು ನಿಲ್ಲಿಸಿ ಸುಮಾರು 4.5 ಮೆಗಾವ್ಯಾಟಿನ ಕೇಂದ್ರವನ್ನು ಕಟ್ಟಿತು. ಆಮೇಲೆ ದೊಡ್ಡ ಯಂತ್ರಗಳು ಬಂದವು. ಗದಗಿನಲ್ಲಿ ಟಾಟಾ ಪವರ್ ಸಂಸ್ಥೆಯೊಂದರದೇ 50.4 ಮೆಗಾವ್ಯಾಟು. ಜರ್ಮನಿಯ ಎನರ್ಕಾನ್ 1994ರಲ್ಲಿ ಭಾರತೀಯ ಪಾಲುದಾರರೊಡನೆ ಕಂಪನಿ ಹೂಡಿದ್ದರಿಂದ ಆ ದೇಶದ ವಿದ್ಯೆಯೂ ಈ ಎರೆನೆಲಕ್ಕೆ ಇಳಿಯಿತು. ಹೊರನಾಡಿನ ವಿದ್ಯೆ ಕನ್ನಡ ನಾಡಿಗೆ ಹೊಸದೇನಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 92 ಮೈಲು ವಿದ್ಯುತ್ ಹರಿದಾಗ ನೆರವಾದವು ಅಮೆರಿಕದ, ಸ್ವಿಟ್ಜರ್ಲೆಂಡಿನ ಯಂತ್ರಗಳೇ.

ಆದರೆ ಗಾಳಿಗೆ ಮನುಷ್ಯನ ಗಡಿಯಾರ ತಿಳಿಯದು. ಆಷಾಢದಲ್ಲಿ ಅಬ್ಬರಿಸುವುದು, ಚಳಿಗಾಲದಲ್ಲಿ ಮುನಿದು ಕೂರುವುದು. ಬಿಸಿಲಿನ ವಿದ್ಯುತ್ತು ದೀಪ ಹಚ್ಚುವ ಹೊತ್ತಿಗೇ ಮುಗಿಯುವುದು. ತಂತಿಯಲ್ಲಿ ಉತ್ಪಾದನೆಯೂ ಬಳಕೆಯೂ ಕ್ಷಣಕ್ಷಣಕ್ಕೂ ಸರಿತೂಗಬೇಕು; ತಪ್ಪಿದರೆ ಸೆಕೆಂಡಿಗೆ 50 ಆವರ್ತದ ತಾಳ ಕೆಡುವುದು. ಆದಕಾರಣ ದಿನವನ್ನು 15 ನಿಮಿಷಗಳ 96 ತುಂಡುಗಳಾಗಿ ಒಡೆದು, ಪ್ರತಿ ತುಂಡಿನಲ್ಲಿ ಗಾಳಿ ಎಷ್ಟು ಬೀಸೀತು, ಬಿಸಿಲು ಎಷ್ಟು ಕಾಯ್ದೀತು ಎಂದು ಮುಂಚಿತವಾಗಿ ಲೆಕ್ಕ ಹಾಕಬೇಕು. ಪಂಚಾಂಗದವರಿಗಿಂತ ಕಠಿನವಾದ ಕೆಲಸವಿದು!

ಇಲ್ಲಿಯೇ ದೇಶದೇಶಗಳ ಸಹಕಾರದ ಕಥೆ ಬರುವುದು. 2013ರಲ್ಲಿ ಜರ್ಮನಿಯು ಭಾರತದ ‘ಹಸಿರು ವಿದ್ಯುತ್ ಪಥ’ಗಳಿಗೆ ನೂರು ಕೋಟಿ ಯೂರೋಗಳ ನೆರವನ್ನು ಘೋಷಿಸಿತು. ಗಾಳಿ-ಬಿಸಿಲುಗಳ ಮುನ್ಸೂಚನೆಯ ಕೇಂದ್ರಗಳನ್ನು ರೂಪಿಸುವಲ್ಲಿಯೂ ಆ ದೇಶದ ತಜ್ಞರು ಜೊತೆಗೂಡಿದರು. ಅಂಥ ಕೇಂದ್ರ ಬೆಂಗಳೂರಿಗೂ ಬಂದಿತು. ಅದೇ 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ತಂತಿಯ ಮೂಲಕ ದಕ್ಷಿಣದ ಜಾಲ ಇಡೀ ದೇಶದ ಜಾಲದೊಡನೆ ಬೆಸೆಯಿತು. 2015ರಲ್ಲಿ ಪ್ಯಾರಿಸ್ಸಿನಲ್ಲಿ ಹಲವು ದೇಶಗಳು ಶುದ್ಧ ಶಕ್ತಿಯ ಸಂಶೋಧನೆಗೆ ಕೈಜೋಡಿಸಿದಾಗ, ಜಾಣ ವಿದ್ಯುತ್ ಜಾಲದ ವಿಭಾಗಕ್ಕೆ ಭಾರತ, ಇಟಲಿ, ಚೀಣಗಳು ಮುಂದಾಳುಗಳಾದವು. ಮೈಸೂರಿನ ವಿ. ವಿ. ಮೊಹಲ್ಲಾದಲ್ಲಿ ಮನೆಮನೆಗೆ ಹೊಸ ಬಗೆಯ ಮೀಟರು ಹಾಕಿ ಇಂಥ ಜಾಲವನ್ನು ಪರೀಕ್ಷಿಸಿದ್ದೂ ಉಂಟು.

ಆದರೆ ಬೆಟ್ಟಕ್ಕೂ ತನ್ನದೇ ಬಾಳುಂಟು. ಔಷಧಿಯ ಗಿಡಮೂಲಿಕೆಗಳಿಗೆ ಹೆಸರಾದ ಕಪ್ಪತಗುಡ್ಡವು ತೋಳ, ಕತ್ತೆಕಿರುಬಗಳ ಬೀಡು. 2019ರಲ್ಲಿ ಅದನ್ನು ವನ್ಯಜೀವಿಧಾಮವೆಂದು ಸಾರಲಾಯಿತು. ಯಂತ್ರ ನಿಲ್ಲಬೇಕಾದರೆ ಗುಡ್ಡ ಕಡಿದು ದಾರಿ ಮಾಡಬೇಕು. ಶುದ್ಧವಾದ ಶಕ್ತಿಗೂ ತೆರಬೇಕಾದ ಬೆಲೆಯಿದೆಯೆಂಬುದನ್ನು ಇಲ್ಲಿಯ ಜನ ಮರೆಯಬಾರದು, ನಗರದ ನಾವಂತೂ ಮರೆಯಲೇಬಾರದು.

ಶಿಗ್ಲಿಗೆ ಹೊರಡುವ ಕುಟುಂಬಗಳು ಚಳಿಗಾಲವನ್ನು ಆರಿಸಿಕೊಂಡರೆ ಶಿರಹಟ್ಟಿಯ ಕಡೆಯ ಮಾಗಡಿ ಕೆರೆಯನ್ನೂ ನೋಡಬಹುದು. ಹಿಮಾಲಯದಾಚೆಯ ಪಟ್ಟೆತಲೆ ಬಾತುಗಳು ಅಲ್ಲಿಗೆ ಬಂದಿಳಿಯುವುವು. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. ಗಾಳಿಯ ಆರ್ಭಟವನ್ನೇ ಕಾಣಬೇಕೆಂಬವರು ಮಾತ್ರ ಆಷಾಢದಲ್ಲಿ ಬರಬೇಕು, ಕೊಡೆಯನ್ನು ಮನೆಯಲ್ಲಿಯೇ ಬಿಟ್ಟು.