ಹಾವಲ್ಲ, ಹಾವುಮೀನು

ಮೊನ್ನೆ ನರಸಾಪುರ ಕೆರೆ ಏರಿಯ ಕಲ್ಲುಸಂದಿಯಲ್ಲಿ ಒಂದು ಬಾಲ ಅಲ್ಲಾಡಿತು. ಪಕ್ಕದಲ್ಲಿದ್ದ ಹುಡುಗರು "ಹಾವು, ಹಾವು" ಅಂತ ಕಲ್ಲು ಎತ್ತಿಕೊಂಡರು. ನಾವು ತಡೆದೆವು. ಯಾಕೆಂದರೆ ಚಿಕ್ಕವರಿದ್ದಾಗ ನಾವೂ ಹಾಗೇ ಒಂದನ್ನು ಜಜ್ಜಿ ಕೊಂದಿದ್ದೆವು. ಅಜ್ಜಿ ಬಂದು ನೋಡಿ, "ರೆಕ್ಕೆ ಐತೆ, ಕಾಣಲ್ವಾ? ಮೀನು ಕಣ್ರೋ ಅದು" ಅಂತ ಬೈದಿದ್ದಳು.

ಅದು ಹಾವುಮೀನು. ಉದ್ದ ಮೈ, ಚೂಪು ಮೂತಿ, ಬೆನ್ನ ಮೇಲೆ ಸಾಲು ಮುಳ್ಳು. ವಿಷ ಇಲ್ಲ, ಆದರೆ ಬರಿಗೈಲಿ ಹಿಡಿದರೆ ಮುಳ್ಳು ಚುಚ್ಚುತ್ತದೆ. ಹಗಲು ಕಲ್ಲಿನ ಕೆಳಗೋ ಕೆಸರಲ್ಲೋ ಅಡಗಿದ್ದು, ರಾತ್ರಿ ಹೊರಬಂದು ಹುಳು, ಕೀಟದ ಮರಿಗಳನ್ನು ಮೂತಿಯಿಂದ ತಡಕಿ ತಿನ್ನುತ್ತದೆ. ಕರಾವಳಿಯ ಬಂಡೆಸಂದಿಗಳಲ್ಲೂ ಇಂಥ ಉದ್ದ ಮೈಯ ಪುಟ್ಟ ಮೀನುಗಳಿವೆ. ಅಲೆ ಹಿಂದೆ ಸರಿದಾಗ ಬಂಡೆಯ ಗುಂಡಿನೀರಲ್ಲಿ ಉಳಿದುಕೊಳ್ಳುತ್ತವೆ. ಕುಲ ಬೇರೆ, ಉಪಾಯ ಒಂದೇ: ಸಂದಿಗೆ ತೂರುವ ಮೈ. ನಮ್ಮ ಹಾವುಮೀನಿಗೆ ಮಾತ್ರ ಸಮುದ್ರದ ಗೊಡವೆ ಇಲ್ಲ. ಹುಟ್ಟು, ಸಾವು ಎರಡೂ ಸಿಹಿನೀರಲ್ಲೇ.

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಮಳೆ ಕೈಕೊಟ್ಟರೆ ಕೆರೆ ಬತ್ತುತ್ತದೆ, ಮೀನೂ ಹೋಗುತ್ತದೆ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು, ಆಮೇಲೆ ನರಸಾಪುರಕ್ಕೂ ಹರಿಯಿತು. ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧಿ ಮಾಡಿದ ನೀರದು. ಮೂರನೇ ಹಂತದ ಶುದ್ಧೀಕರಣವೂ ಆಗಬೇಕು ಅಂತ ರೈತರು ಕೇಳುತ್ತಲೇ ಇದ್ದಾರೆ.

"ಮೀನು ಬದುಕಿದೆ ಅಂದ್ಮೇಲೆ ನೀರು ಚೆನ್ನಾಗೇ ಇದೆ" ಅನ್ನೋರಿದ್ದಾರೆ. ನಮಗೂ ಮೊದಲು ಹಾಗೇ ಅನ್ನಿಸಿ ಖುಷಿಯಾಯಿತು. ಆದರೆ ಮೀನು ಬದುಕಿದೆ ಅಂದರೆ ಅದು ಬದುಕುವಷ್ಟು ಉಸಿರು ನೀರಲ್ಲಿದೆ ಅಂತ ಅಷ್ಟೇ. ಸೀಸದಂಥ ಭಾರ ಲೋಹ ನೀರಿಗೆ ಸೇರಿದರೆ ಬಹುಪಾಲು ತಳದ ಕೆಸರಿಗೆ ಇಳಿಯುತ್ತದೆ. ಹಾವುಮೀನು ಮಲಗುವುದೂ ಅಲ್ಲೇ, ತಿನ್ನುವುದೂ ಅಲ್ಲಿನ ಹುಳುವನ್ನೇ. ಅದನ್ನು ಹಿಡಿದು ಸಾರು ಮಾಡುವವರು ನಾವೇ.

ಹಾಗಾಗಿ ಬಾಟಲಿಯಲ್ಲಿ ಮೇಲಿನ ನೀರು ತುಂಬಿಕೊಂಡು ಹೋದರೆ ಸಾಲದು. ಕೆಸರನ್ನೂ ಮೀನನ್ನೂ ಪರೀಕ್ಷೆ ಮಾಡಿ, ಫಲಿತಾಂಶವನ್ನು ಪಂಚಾಯಿತಿ ಗೋಡೆಗೆ ಕನ್ನಡದಲ್ಲಿ ಅಂಟಿಸಲಿ. ಮುಂದಿನ ಗ್ರಾಮಸಭೆಯಲ್ಲಿ ನಾವು ಇದನ್ನು ಕೇಳುತ್ತೇವೆ. ನಿಮ್ಮೂರ ಕೆರೆಗೂ ಆ ನೀರು ಬರುತ್ತಿದ್ದರೆ ನೀವೂ ಕೇಳಿ.

ಹುಡುಗರು ಕಲ್ಲು ಕೆಳಗಿಟ್ಟರು. ಮೀನು ಕೆಸರಿಗೆ ಮೂತಿ ತೂರಿಸಿ ಮಾಯವಾಯಿತು.