ಕಾರ್ಟಿಸಾಲ್ ಎಂಬ ರಸದೂತ ಮತ್ತು ನನ್ನ ತಂಗಿಯ ಕಾಯಿಲೆ

ನನ್ನ ತಂಗಿಯ ಕಾಯಿಲೆಯ ಬಗ್ಗೆ ಬಂಧುಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಹಲವರು ವಿಚಾರಿಸಿದ್ದೀರಿ. ಒಬ್ಬೊಬ್ಬರಿಗೂ ಬಿಡಿಯಾಗಿ ಹೇಳುವ ಬದಲು, ಅವಳ ಒಪ್ಪಿಗೆ ಪಡೆದು, ನಡೆದದ್ದನ್ನು ಕ್ರಮವಾಗಿ ಇಲ್ಲಿ ಬರೆಯುತ್ತಿದ್ದೇನೆ. ನಿರ್ನಾಳ ಗ್ರಂಥಿಗಳ ಪಾಠವನ್ನು ನಾನು ಪ್ರತಿ ವರ್ಷವೂ ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಬೋಧಿಸುತ್ತಿದ್ದೆನೆಂಬುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಅದೇ ಪಾಠ 2017ರಲ್ಲಿ ನಮ್ಮ ಮನೆಯೊಳಕ್ಕೇ ಬಂದಿತು.

ತಂಗಿಗೆ ಆಗ ನಲವತ್ತೇಳು ವರ್ಷ. ಒಂದೂವರೆ ವರ್ಷದಲ್ಲಿ ಅವಳ ಮುಖ ದುಂಡಗಾಯಿತು, ಹೊಟ್ಟೆ ಬೆಳೆಯಿತು. ರಕ್ತದೊತ್ತಡ ಬಂದಿತು, ಅದರ ಬೆನ್ನಿಗೇ ಸಕ್ಕರೆ ಕಾಯಿಲೆಯೂ ಬಂದಿತು. ಮದುವೆ ಮನೆಗಳಲ್ಲಿ ನೆಂಟರು, "ಅನುಕೂಲ ಹೆಚ್ಚಾಯಿತು, ಮೈ ಬಂದಿದೆ" ಎಂದು ನಗುತ್ತಿದ್ದರು. ವೈದ್ಯರೂ ಊಟ ಕಡಿಮೆ ಮಾಡಿ, ನಡೆಯಿರಿ ಎನ್ನುತ್ತಿದ್ದರು. "ಅಕ್ಕಾ, ನಾನು ತಿನ್ನುವುದು ಒಂದು ಮುದ್ದೆ. ಅದನ್ನೂ ಬಿಟ್ಟರೆ ಏಳುವುದಕ್ಕೇ ಆಗುವುದಿಲ್ಲ" ಎಂದು ಅವಳು ಅಳುತ್ತಿದ್ದಳು. ನೆಲದ ಮೇಲೆ ಕುಳಿತವಳು ಗೋಡೆ ಹಿಡಿಯದೆ ಏಳಲಾರದವಳಾಗಿದ್ದಳು ಎಂಬುದನ್ನು ಮಾತ್ರ ಯಾರೂ ಗಮನಿಸಲಿಲ್ಲ.

ಗಮನಿಸಿದವರು ಒಬ್ಬ ಕಿರಿಯ ವೈದ್ಯರು. ಮೈ ದಪ್ಪ, ಆದರೆ ಕೈಕಾಲು ಸಣ್ಣ. ಹೊಟ್ಟೆಯ ಮೇಲೆ ಬೆರಳಗಲದ ನೇರಳೆ ಬಣ್ಣದ ಗೆರೆಗಳು. ಸ್ವಲ್ಪ ತಗುಲಿದರೂ ಕಪ್ಪುಗಟ್ಟುವ ಚರ್ಮ. ಇವೆಲ್ಲವನ್ನೂ ಒಟ್ಟಿಗೆ ನೋಡಿ ಅವರು 'ಕುಷಿಂಗ್ ಸಿಂಡ್ರೋಮ್' ಇರಬಹುದು ಎಂದರು. ಹಾರ್ವೆ ಕುಷಿಂಗ್ ಎಂಬ ಅಮೆರಿಕದ ಮೆದುಳು ಶಸ್ತ್ರವೈದ್ಯರು 1912ರಲ್ಲಿ ಇಂಥ ಒಬ್ಬ ರೋಗಿಯನ್ನು ಕುರಿತು ಬರೆದರು. 1932ರಲ್ಲಿ ಪಿಟ್ಯುಟರಿ ಗ್ರಂಥಿಯ ಸಣ್ಣ ಗಡ್ಡೆಗೂ ಈ ಲಕ್ಷಣಗಳಿಗೂ ಇರುವ ಸಂಬಂಧವನ್ನು ವಿವರಿಸಿದರು.

ಮುಂದಿನದು ತಿಳಿಯಬೇಕಾದರೆ ಹಳೆಯ ಪಾಠವನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ರಸದೂತವನ್ನು ಸ್ರವಿಸುತ್ತವೆ. ಎಷ್ಟು ಸ್ರವಿಸಬೇಕೆಂದು ಹೇಳುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ. ಅದು ಕಳುಹಿಸುವ ಆಜ್ಞೆಯ ಹೆಸರು ಎ.ಸಿ.ಟಿ.ಎಚ್. ಪಿಟ್ಯುಟರಿಗೂ ಮೇಲಧಿಕಾರಿಯಾಗಿ ಹೈಪೋಥಲಾಮಸ್ ಇದೆ. ರಕ್ತದಲ್ಲಿ ಕಾರ್ಟಿಸಾಲ್ ಸಾಕಷ್ಟಾದಾಗ ಆಜ್ಞೆ ತಾನಾಗಿ ನಿಲ್ಲುತ್ತದೆ. ಮನೆಯ ಮೇಲಿನ ತೊಟ್ಟಿ ತುಂಬಿದಾಗ ತೇಲುಬುರುಡೆ ಮೇಲೆದ್ದು ನೀರು ನಿಲ್ಲುವಂತೆಯೇ ಇದು. ಆರೋಗ್ಯವಂತರಲ್ಲಿ ಕಾರ್ಟಿಸಾಲ್ ಬೆಳಗ್ಗೆ ಹೆಚ್ಚು, ನಡುರಾತ್ರಿ ತೀರಾ ಕಡಿಮೆ.

ವೈದ್ಯರು ಮೊದಲು ಕೇಳಿದ ಪ್ರಶ್ನೆ ಮದ್ದಿನ ಬಗ್ಗೆ. ಮಂಡಿನೋವಿನ ಪುಡಿ, ಚರ್ಮಕ್ಕೆ ಹಚ್ಚುವ ಮುಲಾಮು, ಉಬ್ಬಸದ ಔಷಧ ಏನಾದರೂ ಬಳಸುತ್ತಿದ್ದೀರಾ ಎಂದು ಒಂದೊಂದನ್ನೇ ಕೇಳಿದರು. ಈ ಲಕ್ಷಣಗಳಿಗೆ ಅತ್ಯಂತ ಸಾಮಾನ್ಯ ಕಾರಣ ಹೊರಗಿನಿಂದ ಮೈಸೇರುವ ಸ್ಟೀರಾಯ್ಡ್. ದೇಹವೇ ಅತಿಯಾಗಿ ಕಾರ್ಟಿಸಾಲ್ ತಯಾರಿಸುವುದು ಬಹಳ ವಿರಳ. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಕೆಲವೇ ಮಂದಿಗೆ ಬರುವಂಥದು. ತಂಗಿ ಅಂಥದ್ದೇನನ್ನೂ ಬಳಸಿರಲಿಲ್ಲ.

ಆಮೇಲಿನ ಪ್ರಶ್ನೆ, ಕಾರ್ಟಿಸಾಲ್ ನಿಜವಾಗಿಯೂ ಹೆಚ್ಚಾಗಿದೆಯೇ ಎಂಬುದು. ಇಪ್ಪತ್ತನಾಲ್ಕು ಗಂಟೆಯ ಮೂತ್ರವನ್ನು ದೊಡ್ಡ ಕ್ಯಾನಿನಲ್ಲಿ ಸಂಗ್ರಹಿಸಬೇಕಾಯಿತು. ಮೊದಲ ದಿನ ಬೆಳಗಿನ ಮೊದಲ ಮೂತ್ರ ಚೆಲ್ಲಬೇಕು, ಮರುದಿನ ಬೆಳಗಿನದು ಸೇರಬೇಕು. ನಡುವೆ ಒಂದು ಸಲ ತಪ್ಪಿದರೂ ಲೆಕ್ಕ ಕೆಡುತ್ತದೆ. ಇದು ಎರಡು ಸಲ ಆಯಿತು. ನಡುರಾತ್ರಿಯ ರಕ್ತದಲ್ಲಿಯೂ ಕಾರ್ಟಿಸಾಲ್ ಬೆಳಗಿನಷ್ಟೇ ಇತ್ತು. ಅನಂತರ ಡೆಕ್ಸಾಮೆಥಾಸೋನ್ ಪರೀಕ್ಷೆ. ರಾತ್ರಿ ಹನ್ನೊಂದು ಗಂಟೆಗೆ 1 ಮಿಲಿಗ್ರಾಂ ಮಾತ್ರೆ, ಬೆಳಗ್ಗೆ ಎಂಟಕ್ಕೆ ರಕ್ತ. ಈ ಮಾತ್ರೆ ಪಿಟ್ಯುಟರಿಗೆ ಕಾರ್ಟಿಸಾಲಿನಂತೆಯೇ ತೋರುತ್ತದೆ, ಆದರೆ ಪ್ರಯೋಗಾಲಯದ ಅಳತೆಯಲ್ಲಿ ಕಾರ್ಟಿಸಾಲ್ ಎಂದು ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ತೇಲುಬುರುಡೆಯನ್ನು ಕೈಯಿಂದಲೇ ಎತ್ತಿ ಹಿಡಿದು, ನೀರು ನಿಲ್ಲುವುದೋ ಇಲ್ಲವೋ ನೋಡುವ ಉಪಾಯ. ಸ್ವಸ್ಥರಲ್ಲಿ ಮರುಬೆಳಗ್ಗೆ ಕಾರ್ಟಿಸಾಲ್ ಡೆಸಿಲೀಟರಿಗೆ 1.8 ಮೈಕ್ರೋಗ್ರಾಮಿಗಿಂತ ಕೆಳಗಿಳಿಯಬೇಕು. ತಂಗಿಯದು 14 ಇತ್ತು.

ಕಾಯಿಲೆ ಖಚಿತವಾಯಿತು. ಆದರೆ ಕಾರಣ? ಇಲ್ಲಿಯೇ ನಮ್ಮ ಮನೆಯಲ್ಲಿ ದೊಡ್ಡ ವಾದ ನಡೆದದ್ದು. ಹಿಂದೊಮ್ಮೆ ಹೊಟ್ಟೆನೋವಿಗೆಂದು ಮಾಡಿಸಿದ್ದ ಸಿ.ಟಿ. ಸ್ಕ್ಯಾನಿನಲ್ಲಿ ಎಡ ಅಡ್ರಿನಲ್‌ನಲ್ಲಿ ಒಂದು ಸೆಂಟಿಮೀಟರಿನ ಗಂಟು ಕಂಡಿತ್ತು. ಬೇರೊಬ್ಬ ಶಸ್ತ್ರವೈದ್ಯರು ಅದನ್ನು ತೆಗೆದುಬಿಡೋಣವೆಂದರು. ಕಣ್ಣಿಗೆ ಕಾಣುವ ಗಂಟನ್ನು ಬಿಟ್ಟು ಇನ್ನೂ ಏನು ಪರೀಕ್ಷೆ ಎಂದು ಭಾವನವರೂ ಬೇಸರಪಟ್ಟರು; ಅಷ್ಟರಲ್ಲಿ ಖರ್ಚು ಬಹಳವಾಗಿತ್ತು. ನಿರ್ನಾಳ ಗ್ರಂಥಿಗಳ ತಜ್ಞರು ಮಾತ್ರ ಎ.ಸಿ.ಟಿ.ಎಚ್. ಫಲಿತಾಂಶ ಬರುವವರೆಗೆ ಕಾಯಿರಿ ಎಂದರು. ಅಡ್ರಿನಲ್ ತಾನೇ ತಪ್ಪಿತಸ್ಥನಾಗಿದ್ದರೆ, ಹೆಚ್ಚಾದ ಕಾರ್ಟಿಸಾಲಿಗೆ ಹೆದರಿ ಪಿಟ್ಯುಟರಿ ಸುಮ್ಮನಾಗಿರುತ್ತದೆ, ಎ.ಸಿ.ಟಿ.ಎಚ್. ಮಿಲಿಲೀಟರಿಗೆ 5 ಪಿಕೋಗ್ರಾಮಿಗೂ ಇಳಿದಿರುತ್ತದೆ. 20ಕ್ಕಿಂತ ಹೆಚ್ಚಿದ್ದರೆ ಆಜ್ಞೆ ಎಲ್ಲಿಂದಲೋ ಬರುತ್ತಿದೆ ಎಂದರ್ಥ. ತಂಗಿಯದು 62. ಆ ಗಂಟು ನಿರಪರಾಧಿ. ಮಧ್ಯವಯಸ್ಸು ದಾಟಿದ ಅನೇಕರಲ್ಲಿ ಅಂಥವು ಸುಮ್ಮನೆ ಇರುತ್ತವಂತೆ. ಅಂದು ಅದನ್ನು ತೆಗೆಸಿದ್ದರೆ ಗ್ರಂಥಿ ಹೋಗುತ್ತಿತ್ತು, ಕಾಯಿಲೆ ಉಳಿಯುತ್ತಿತ್ತು.

ಉಳಿದವು ಎರಡು ಸಾಧ್ಯತೆಗಳು. ಒಂದು, ಪಿಟ್ಯುಟರಿಯ ಗಡ್ಡೆ. ಇನ್ನೊಂದು, ಶ್ವಾಸಕೋಶವೇ ಮೊದಲಾದ ಕಡೆ ಅಡಗಿ ಎ.ಸಿ.ಟಿ.ಎಚ್. ತಯಾರಿಸುವ ಬೇರೆ ಗಡ್ಡೆ. ಎಂ.ಆರ್.ಐ.ಯಲ್ಲಿ ಪಿಟ್ಯುಟರಿ ಸ್ವಚ್ಛವಾಗಿ ಕಂಡಿತು. ಈ ಗಡ್ಡೆಗಳು ಎಷ್ಟೋ ವೇಳೆ ಚಿತ್ರದಲ್ಲಿ ಸಿಕ್ಕದಷ್ಟು ಚಿಕ್ಕವು. ಇದಕ್ಕೆ ವಿರುದ್ಧವಾಗಿ ಯಾವ ಕಾಯಿಲೆಯೂ ಇಲ್ಲದ ನೂರು ಜನರಲ್ಲಿ ಸುಮಾರು ಹತ್ತು ಮಂದಿಯ ಪಿಟ್ಯುಟರಿಯಲ್ಲಿ ಸಣ್ಣ ಚುಕ್ಕೆ ಕಾಣುವುದುಂಟು. ಆದ್ದರಿಂದ ಚಿತ್ರವೊಂದನ್ನೇ ನಂಬುವಂತಿಲ್ಲ.

ಕೊನೆಗೆ ಬೆಂಗಳೂರಿನಲ್ಲಿ ಆದ ಪರೀಕ್ಷೆಯ ಹೆಸರು ಇನ್‌ಫೀರಿಯರ್ ಪೆಟ್ರೋಸಲ್ ಸೈನಸ್ ಸ್ಯಾಂಪ್ಲಿಂಗ್. ತೊಡೆಸಂದಿನ ರಕ್ತನಾಳಗಳ ಮೂಲಕ ಎರಡು ಸಣ್ಣ ನಳಿಕೆಗಳನ್ನು ತಲೆಯವರೆಗೆ ಏರಿಸಿ, ಪಿಟ್ಯುಟರಿಯಿಂದ ಇಳಿದು ಬರುವ ರಕ್ತವನ್ನು ಎಡಬಲ ಎರಡೂ ಕಡೆ ತೆಗೆಯುತ್ತಾರೆ; ಅದೇ ಕ್ಷಣದಲ್ಲಿ ತೋಳಿನಿಂದಲೂ ತೆಗೆಯುತ್ತಾರೆ. ತೋಳಿಗಿಂತ ತಲೆಯ ರಕ್ತದಲ್ಲಿ ಎ.ಸಿ.ಟಿ.ಎಚ್. 2 ಪಟ್ಟು, ಉತ್ತೇಜಕ ಚುಚ್ಚುಮದ್ದಿನ ನಂತರ 3 ಪಟ್ಟು ಇದ್ದರೆ ಮೂಲ ಪಿಟ್ಯುಟರಿಯೇ. ತಂಗಿ ಎಚ್ಚರವಾಗಿಯೇ ಮಲಗಿದ್ದಳು. ಹೊರಗೆ ಕುಳಿತಿದ್ದ ನನಗೆ ಕೈಕಾಲು ತಣ್ಣಗಾಗಿದ್ದವು. ಫಲಿತಾಂಶ ಬರಲು ದಿನಗಳು ಹಿಡಿದವು. ತಲೆಯ ರಕ್ತದಲ್ಲಿ ಹತ್ತು ಪಟ್ಟಿಗೂ ಮೀರಿ ಇತ್ತು.

2018ರ ಜನವರಿಯಲ್ಲಿ ಮೂಗಿನ ಮೂಲಕ ಶಸ್ತ್ರಚಿಕಿತ್ಸೆ ಮಾಡಿ ಮೆಂತೆಕಾಳಿನಷ್ಟು ಗಡ್ಡೆಯನ್ನು ತೆಗೆದರು. ಮೂರನೆಯ ದಿನ ಕಾರ್ಟಿಸಾಲ್ ತೀರಾ ಕೆಳಗಿಳಿಯಿತು. ಅದೇ ಒಳ್ಳೆಯ ಸುದ್ದಿ ಎಂದು ವೈದ್ಯರು ಹೇಳಿದಾಗ ನಮಗೆ ಅಚ್ಚರಿಯಾಯಿತು. ವರ್ಷಗಟ್ಟಲೆ ನಿದ್ದೆ ಹೋಗಿದ್ದ ಉಳಿದ ಗ್ರಂಥಿ ಎಚ್ಚರಗೊಳ್ಳುವವರೆಗೆ, ಹದಿನಾಲ್ಕು ತಿಂಗಳು, ಹೈಡ್ರೋಕಾರ್ಟಿಸೋನ್ ಮಾತ್ರೆ ನುಂಗಬೇಕಾಯಿತು. ಈಗ ರಕ್ತದೊತ್ತಡದ ಒಂದು ಮಾತ್ರೆ ಮಾತ್ರ ಉಳಿದಿದೆ. ಮರಳಿ ಬರುವ ಸಂಭವವಿರುವುದರಿಂದ ವರ್ಷಕ್ಕೊಮ್ಮೆ ಪರೀಕ್ಷೆ ತಪ್ಪಿಸುವುದಿಲ್ಲ.

ನಿಮ್ಮಲ್ಲಿ ಎರಡು ಮಾತು ಕೇಳಿಕೊಳ್ಳುತ್ತೇನೆ. ಏನು ಬೆರೆಸಿದ್ದಾರೆಂದು ತಿಳಿಯದ ನೋವಿನ ಪುಡಿ, ಬಿಳುಪಿನ ಮುಲಾಮುಗಳನ್ನು ಬಳಸಬೇಡಿ. ಸ್ಟೀರಾಯ್ಡನ್ನು ಈಗಾಗಲೇ ಬಹುದಿನದಿಂದ ತೆಗೆದುಕೊಳ್ಳುತ್ತಿದ್ದರೆ ನೀವಾಗಿಯೇ ಥಟ್ಟನೆ ನಿಲ್ಲಿಸಲೂಬೇಡಿ, ಅದು ಪ್ರಾಣಾಪಾಯ; ವೈದ್ಯರನ್ನು ಕೇಳಿ. ಎರಡನೆಯದು, ಸಮಾರಂಭಗಳಲ್ಲಿ ಯಾರಾದರೂ ದಪ್ಪಗಾಗಿದ್ದು ಕಂಡರೆ ಆ ಬಗ್ಗೆ ನಗೆಯಾಡಬೇಡಿ. ಅವರ ಪಕ್ಕದಲ್ಲಿ ಕುಳಿತು, ಏಳುವುದಕ್ಕೆ ಕಷ್ಟವಾಗುತ್ತಿದೆಯೇ ಎಂದು ಮೆಲ್ಲಗೆ ವಿಚಾರಿಸಿ.