ಅಜ್ಜಿಯ ಬೆಳ್ಳಿ ರೂಪಾಯಿ ಮತ್ತು ನನ್ನ ಆನ್‌ಲೈನ್ ಹರಾಜು

ತುಂಬಾ ದಿನ ಆಯ್ತು ಇಲ್ಲಿ ಬರೆದು. ಆಫೀಸಿನ ರಿಲೀಸ್ ಗಲಾಟೆ ಮುಗಿಸಿ ಮೊನ್ನೆ ಕರೂರಿಗೆ ಹೋಗಿದ್ದೆ. ಬಾಗಿಲಲ್ಲೇ ಅಪ್ಪ ಫೋನ್ ಹಿಡ್ಕೊಂಡು ನಿಂತಿದ್ರು.

"ಲೇ ತಮ್ಮಾ, ವೈಷ್ಣೋದೇವಿ ಚಿತ್ರ ಇರೋ ಐದು ರೂಪಾಯಿಗೆ ಹತ್ತು ಲಕ್ಷ ಕೊಡ್ತಾರಂತ. ನಮ್ಮ ಹತ್ರ ಎರಡು ಅದಾವು!"

ಆ ಕಡೆಯವನು ಮೊದಲು ನೋಂದಣಿ ಶುಲ್ಕ ಕೇಳಿದ್ದ. ಅಪ್ಪ ಆಗಲೇ 2,100 ರೂಪಾಯಿ ಕಳಿಸಿಬಿಟ್ಟಿದ್ರು. ಇಂಥ ಮೋಸದ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಕೆ ಕೊಟ್ಟಿತ್ತು ಅಂತ ತೋರಿಸಿದೆ. ಅಪ್ಪ ಏನೂ ಮಾತಾಡಲಿಲ್ಲ, ರಾತ್ರಿ ಊಟನೂ ಸರಿಯಾಗಿ ಮಾಡಲಿಲ್ಲ. ಭತ್ತಕ್ಕೆ ಗೊಬ್ಬರ ತರೋಕೆ ಇಟ್ಟಿದ್ದ ದುಡ್ಡು ಅದು.

ಅವರಿಗೆ ಸಮಾಧಾನ ಆಗ್ಲಿ ಅಂತ ನಾನೇ ಒಂದು ಮಾತು ಕೊಟ್ಟೆ: "ನಿಜವಾದ ಹರಾಜಿನಲ್ಲಿ ಮಾರಿ ಆ ದುಡ್ಡು ವಾಪಸ್ ತರ್ತೀನಿ." ಅಜ್ಜಿಯ ಲಕ್ಷ್ಮಿಪೂಜೆ ಡಬ್ಬಿ ತೆಗೆದೆ. ಒಳಗೆ 1862ರ ವಿಕ್ಟೋರಿಯಾ ರೂಪಾಯಿ ಎರಡು, 1940ರ ದಶಕದ ಆರನೇ ಜಾರ್ಜ್ ರೂಪಾಯಿ ಆರು. ಒಂದೊಂದೂ ಒಂದು ತೊಲ, ಅಂದ್ರೆ 11.66 ಗ್ರಾಂ.

ವಿಕ್ಟೋರಿಯಾ ನೋಡಿ ಖುಷಿಯಾಯ್ತು, ಆದ್ರೆ ಮಾರುವ ಹಾಗಿರಲಿಲ್ಲ. 1972ರ ಪುರಾವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯವನ್ನು ನಾವು ವಿದೇಶಕ್ಕೆ ಕಳಿಸೋ ಹಾಗಿಲ್ಲ, ಇಲ್ಲೇ ವ್ಯಾಪಾರ ಮಾಡೋಕೂ ಲೈಸೆನ್ಸ್ ಬೇಕು. ಅಲ್ಲದೆ ಮುಂದೆ ಹಲವು ವರ್ಷ 1862 ಅನ್ನೋ ಇಸವಿಯಲ್ಲೇ ಅಚ್ಚು ಹಾಕ್ತಾ ಹೋದ್ರು, ಹಾಗಾಗಿ ಅಂಥಾ ಅಪರೂಪವೂ ಅಲ್ಲ. ಉಳಿದಿದ್ದು ಜಾರ್ಜ್. ಅದರಲ್ಲಿ ಬೆಳ್ಳಿ ಅರ್ಧ ಮಾತ್ರ.

ನಾವು ಕಾಲೇಜಿಗೆ ಬರೋ ಹೊತ್ತಿಗೆ ಬಾಜಿ.ಕಾಮ್ ಕಥೆಯಾಗಿತ್ತು. 2004ರಲ್ಲಿ ಅದನ್ನ ಇಬೇ ಕೊಂಡುಕೊಂಡಿತ್ತು. 2018ರಲ್ಲಿ ಆ ಇಬೇ ಇಂಡಿಯಾನೂ ಮುಚ್ಚಿತು. ನಾನು ಬೇರೊಂದು ತಾಣದಲ್ಲಿ ಮೊದಲ ನಾಣ್ಯವನ್ನ 1 ರೂಪಾಯಿಂದ ಶುರು ಮಾಡಿದೆ. ಕಡಿಮೆ ಇಟ್ಟರೆ ಜನ ಮುಗಿಬೀಳ್ತಾರೆ ಅಂತ ಎಲ್ಲೋ ಓದಿದ್ದೆ. ಬಂದವನು ಒಬ್ಬನೇ! ಬೆಳ್ಳಿ ಬೆಲೆಗಿಂತ ಕಡಿಮೆಗೆ ಹೋಯ್ತು.

ಆಮೇಲೆ ಅರ್ಥ ಆಯ್ತು. ಈ ಹರಾಜಿನಲ್ಲಿ ಕೊಳ್ಳುವವ ತನ್ನ ಗರಿಷ್ಠ ಬೆಲೆಯನ್ನ ಗುಟ್ಟಾಗಿ ಹೇಳಿಟ್ಟಿರ್ತಾನೆ. ಅವನು 2,000ದ ತನಕ ಸಿದ್ಧ ಇದ್ರೂ, ಎರಡನೆಯವನು 900ಕ್ಕೆ ನಿಂತರೆ ವಸ್ತು ಅದಕ್ಕಿಂತ ಒಂದು ಮೆಟ್ಟಿಲು ಮೇಲಕ್ಕೇ ಹೋಗುತ್ತೆ. ಬೆಲೆ ಕಟ್ಟೋನು ಗೆದ್ದವನಲ್ಲ, ಎರಡನೆಯವನು. ಹಾಗಾಗಿ ಹತ್ತು ಜನ ಬಯಸೋ ವಸ್ತುವಿಗೆ ಮಾತ್ರ ಒಂದು ರೂಪಾಯಿ ಆಟ. ಎಲ್ಲ ಕಡೆ ಸಿಗೋದಕ್ಕೆ ಲೋಹದ ಬೆಲೆಯಿಂದಲೇ ಶುರು ಮಾಡಬೇಕು.

ಉಳಿದ ಐದನ್ನ ಒಟ್ಟಿಗೆ ಹಾಕಿದೆ. ಕೇಳಿರೋ ಬೆಲೆ ಬಿಟ್ಟು, ನಿಜವಾಗಿ ಮಾರಾಟವಾದ ಬೆಲೆಗಳನ್ನ ನೋಡಿದೆ. ಎರಡೂ ಮುಖ, ಅಂಚು, ತಕ್ಕಡಿ ಮೇಲಿನ ತೂಕ, ಎಲ್ಲದರ ಫೋಟೋ ಹಾಕಿದೆ. ಜನ ಮನೆಯಲ್ಲಿರ್ತಾರೆ ಅಂತ ಭಾನುವಾರ ರಾತ್ರಿ ಮುಗಿಯೋ ಹಾಗೆ ಇಟ್ಟೆ. ಒಬ್ಬ ಸಂಗ್ರಾಹಕ ಕೇಳಿದ: "ಪಾಲಿಶ್ ಮಾಡಿದ್ದೀರಾ?"

ಅಜ್ಜಿ ಪ್ರತಿ ದೀಪಾವಳಿಗೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ ತೊಳೀತಾರೆ. ಸಂಗ್ರಾಹಕರಿಗೆ ತೊಳೆದ ನಾಣ್ಯ ಅಂದ್ರೆ ಅರ್ಧ ಬೆಲೆ. ಮುಚ್ಚಿಡಬಹುದಿತ್ತು. ಆದ್ರೆ ಅಪ್ಪನಿಗೆ ಸುಳ್ಳು ಹೇಳಿ ದುಡ್ಡು ಕಿತ್ತವನ ನೆನಪಾಯ್ತು. "ಪೂಜೆಗೆ ಪ್ರತಿ ವರ್ಷ ತೊಳೆದದ್ದು" ಅಂತ ವಿವರಣೆಯಲ್ಲಿ ಬರೆದುಬಿಟ್ಟೆ. ಇಬ್ಬರು ಹಿಂದೆ ಸರಿದ್ರು, ಮೂವರು ಉಳಿದ್ರು. ಕಮಿಷನ್ನು, ಸ್ಪೀಡ್ ಪೋಸ್ಟ್ ಖರ್ಚು ಕಳೆದು 1,840 ಕೈಗೆ ಬಂತು. ಕೊಟ್ಟ ಮಾತಿಗೆ 260 ಕಡಿಮೆ. ಅದನ್ನ ನನ್ನ ಜೇಬಿನಿಂದ ಸೇರಿಸಿ ಕೊಟ್ಟೆ, ಅಪ್ಪನಿಗೆ ಹೇಳಬೇಡಿ :-)

ಹೊರಡೋವಾಗ ಅಜ್ಜಿಗೆ ಹೇಳಿದೆ, ಆ ಎರಡು ವಿಕ್ಟೋರಿಯಾನಾದ್ರೂ ಇನ್ಮೇಲೆ ತೊಳೀಬೇಡ ಅಂತ.

"ಹುಚ್ಚಪ್ಪಾ, ತೊಳೀದ ಹೆಂಗ ಲಕ್ಷ್ಮಿ ಪೂಜಿ ಮಾಡ್ಲಿ?" ಅಂದ್ರು.

ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ನಿಮ್ಮ ಹತ್ರ ಇದ್ರೆ ಹೇಳಿ.